ಏಳು ತಿಂಗಳು ದೊಡ್ಡವಳು

ಉಳವಿ,
ಭಾನುವಾರ ಬೆಳಿಗ್ಗೆ

ಸಂಗೀತಾ,

ಈ ಕಾಗದವನ್ನು ಆನವಟ್ಟಿಯ ಆನಂದಪ್ಪನವರ ಮನೆ ವಿಳಾಸಕ್ಕೆ ಹಾಕುತ್ತಿದ್ದೇನೆ. ಈ ತಿಂಗಳು ನಿಮ್ಮ ಕುರಿ ಗೊಬ್ಬರಕ್ಕೆಂದು ಅವರ ಗದ್ದೆಯಲ್ಲೇ ತಂಗುತ್ತವಲ್ಲ, ತಲುಪಿಸುತ್ತಾರೆ. ಫೋನ್ ಮಾಡಿದರೆ ನಿನ್ನ ಅಪ್ಪ ಎತ್ತುತ್ತಾರೆ, ‘ಕೊಡ್ತೀನಿ ತಡೀರಿ’ ಅನ್ನುತ್ತಾರೆ, ಆಮೇಲೆ ಬಹಳ ಹೊತ್ತು ಬರೀ ಕುರಿಗಳ ಸದ್ದು. ಕೊನೆಗೆ ಅವರೇ ಬಂದು ನೀನು ಎತ್ತಲೋ ಹೋಗಿದ್ದೀಯ ಅನ್ನುತ್ತಾರೆ. ನಾಲ್ಕು ಸಲ ಹೀಗಾಯಿತು. ನಾನು ಅಷ್ಟೊಂದು ದಡ್ಡಿಯಲ್ಲ ಮಾರಾಯ್ತಿ, ಐದನೇ ಸಲ ಮಾಡಲಿಲ್ಲ.

ನನ್ನ ಮೇಲೆ ಮುನಿಸಿಕೊಂಡಿದ್ದರೆ ಹಾಗೇ ಬಿಡುತ್ತಿದ್ದೆ. ಆದರೆ ನೀನು ನಿನ್ನ ಅವ್ವನ ಹತ್ತಿರ ಎಂಟು ತಿಂಗಳಿಂದ ಮಾತು ಬಿಟ್ಟಿದ್ದೀಯಂತೆ. ರೊಟ್ಟಿ ತಟ್ಟಿ ಕೊಟ್ಟರೆ ಮುಖ ಆ ಕಡೆ ತಿರುಗಿಸಿ ತೆಗೆದುಕೊಳ್ಳುತ್ತೀಯಂತೆ. ಹೇಳಿದ್ದು ನಿನ್ನ ಗೆಳತಿ ತೃಪ್ತಿ. ಅದನ್ನು ಕೇಳಿದ ದಿನದಿಂದ ನನಗೆ ಊಟ ಸೇರುತ್ತಿಲ್ಲ. ಯಾಕೆಂದು ಈ ಕಾಗದ ಮುಗಿಯುವುದರೊಳಗೆ ಹೇಳುತ್ತೇನೆ. ನೇರವಾಗಿ ಶುರು ಮಾಡಲು ಧೈರ್ಯ ಸಾಲುತ್ತಿಲ್ಲ.

ಅಂಬ್ಲಿಗೊಳದ ನಮ್ಮ ಶಾಲೆಯನ್ನು ಕಳೆದ ಜೂನ್‌ನಲ್ಲಿ ಮುಚ್ಚಿದರು, ನನ್ನನ್ನು ಇಲ್ಲಿಗೆ ಹಾಕಿದರು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ರೂಮು ಹಿಡಿದಿದ್ದೇನೆ. ಶಾಲೆ ಬಿಟ್ಟ ಮೇಲೆ ಮಾತಾಡುವವರು ಯಾರೂ ಇಲ್ಲ. ಭಾನುವಾರ ಬಂದರೆ ಈಗಲೂ ಕಾಲು ಷೂ ಹುಡುಕುತ್ತವೆ. ನೀರು ಇಳಿದ ಡ್ಯಾಮಿನ ಅಂಗಳದಲ್ಲಿ ನಾವು ಕಲ್ಲಿಟ್ಟು ಗೋಲು ಮಾಡಿಕೊಂಡಿದ್ದ ಜಾಗ ನೆನಪಾಗುತ್ತದೆ. ಒಂದು ಕಡೆ ನಿಮ್ಮ ಕುರಿ ಮೇಯುತ್ತಿದ್ದವು, ಇನ್ನೊಂದು ಕಡೆ ನಾವು. ನೀನು ಗೋಲಿನಲ್ಲಿ ನಿಂತು ಎರಡೂ ಹಿಂಡನ್ನು ಕಾಯುತ್ತಿದ್ದೆ. ನಾಲಗೆ ಮಡಚಿ ಹಾಕುತ್ತಿದ್ದ ಆ ಸಿಳ್ಳೆಗೆ ಕುರಿಯೂ ತಿರುಗುತ್ತಿತ್ತು, ತೃಪ್ತಿಯೂ ತಿರುಗುತ್ತಿದ್ದಳು. ಒಮ್ಮೆ ಹಾಕಿದರೆ ಎಡಕ್ಕೆ, ಎರಡು ಸಲಕ್ಕೆ ಬಲಕ್ಕೆ, ಉದ್ದಕ್ಕೆ ಎಳೆದರೆ ನಿಲ್ಲು. ಫುಟ್‌ಬಾಲಿನ ಬಗ್ಗೆ ಪುಸ್ತಕ ಓದಿ ಕಲಿಸುತ್ತಿದ್ದ ನಾನು ನಿನ್ನ ಸಿಳ್ಳೆಯ ಮುಂದೆ ದಂಡವಾಗಿದ್ದೆ.

ಮೊನ್ನೆ ಇಲ್ಲಿ ಲೋಕಮ್ಮ ಅಂತ ಒಬ್ಬರು ತಾಯಿ ಶಾಲೆಗೆ ಬಂದರು. ನಮ್ಮನ್ನು ಆಟಕ್ಕೆಂದು ಸ್ಪೇನಿಗೆ ಕರೆದುಕೊಂಡು ಹೋಗಿದ್ದ ಬೆಂಗಳೂರಿನ ಸಂಸ್ಥೆಯವರು ಈ ವರ್ಷವೂ ಹುಡುಗಿಯರನ್ನು ಆರಿಸುತ್ತಿದ್ದಾರೆ, ಅವರ ಮಗಳು ರಮ್ಯಳ ಹೆಸರೂ ಬಂದಿದೆ. ‘ನೀವು ಹೋಗಿ ಬಂದೋರು ಮೇಡಂ, ಅಷ್ಟು ದೂರ ಕಳ್ಸಿದ್ರೆ ಆಟಕ್ಕೆ ಏನಾದ್ರೂ ಉಪಯೋಗ ಇದ್ಯಾ?’ ಅಂತ ಕೇಳಿದರು. ನಾಳೆ ಹೇಳುತ್ತೇನೆ ಅಂದೆ. ಹೌದು, ಇಲ್ಲ ಅಂತ ಒಂದು ಮಾತಿನಲ್ಲಿ ಹೇಳುವುದು ಬಿಟ್ಟು ನಾಳೆ ಅಂದೆನಲ್ಲ, ಆಗಲೇ ನಿನಗೆ ಹೇಳಿದ್ದ ಮಾತು ನೆನಪಾಯಿತು.

ಸ್ಪೇನಿನಿಂದ ವಾಪಸು ಬಂದ ದಿನ ನೀನು ಶಿಕಾರಿಪುರದ ಬಸ್‌ಸ್ಟ್ಯಾಂಡಿಗೆ ಬಂದಿದ್ದೆ. ತೃಪ್ತಿಯ ಬ್ಯಾಗು ನೀನೇ ಹೊತ್ತುಕೊಂಡೆ. ನಾನು ನಿನ್ನ ಮುಖ ನೋಡದೆ, ನೀನು ಬರದಿದ್ದದ್ದೇ ಒಳ್ಳೆಯದಾಯಿತು, ಅಲ್ಲೇನೂ ಇರಲಿಲ್ಲ ಅಂದೆ. ನೀನು ಅಂದದ್ದು ಇವತ್ತಿಗೂ ಕಿವಿಯಲ್ಲಿದೆ. ‘ಇರ್ಲಿ ಬಿಡ್ರಿ ಟೀಚರ್. ಏನೂ ಇಲ್ಲ ಅಂತ ನೋಡ್ಕಂಡ್ ಬರಾಕಾದ್ರೂ ನಾ ಹೋಗ್ಬೇಕಿತ್ತು.’

ನಾನು ಹೇಳಿದ್ದು ಮುಕ್ಕಾಲು ಪಾಲು ನಿಜ. ಮೂರು ಪಂದ್ಯ ಆಡಿದೆವು, ಮೂರೂ ಸೋತೆವು. ಮೊದಲನೆಯದರಲ್ಲಿ ಒಂಬತ್ತು ಗೋಲು ಹೊಡೆಸಿಕೊಂಡೆವು. ಅಲ್ಲಿನ ಹುಡುಗಿಯರು ಆರನೇ ವಯಸ್ಸಿನಿಂದ ವಾರಕ್ಕೆ ನಾಲ್ಕು ದಿನ ಆಡಿದವರು, ನಮ್ಮವರು ಡ್ಯಾಮಿನ ನೀರು ಇಳಿಯುವುದನ್ನು ಕಾದು ಆಡಿದವರು. ಹತ್ತು ದಿನದಲ್ಲಿ ಏನು ಕಲಿಯುತ್ತಾರೆ ಹೇಳು? ಪ್ಲಾಸ್ಟಿಕ್ ಹುಲ್ಲಿನ ಮೇಲೆ ಜಾರಿ ಬಿದ್ದು ಎಲ್ಲರ ಮೊಣಕಾಲಿನ ಚರ್ಮವೂ ಕಿತ್ತು ಬಂತು. ಸಂಸ್ಥೆಯವರು ಆಡಿಸಿದ್ದಕ್ಕಿಂತ ಫೋಟೋ ತೆಗೆಸಿದ್ದು ಹೆಚ್ಚು. ಒಂದು ಇಡೀ ದಿನ ಅಂಗಡಿ ಸುತ್ತಿಸಿದರು. ತೃಪ್ತಿ ಬ್ರೆಡ್ಡಿಗೆ ಚಟ್ನಿಪುಡಿ ಉದುರಿಸಿಕೊಂಡು ತಿಂದು, ಮೂರನೇ ದಿನ ಊರಿಗೆ ಹೋಗೋಣ ಅಂತ ಅತ್ತಳು. ಮೊದಲ ಪಂದ್ಯದಲ್ಲಿ ಅವಳು ಅಭ್ಯಾಸಬಲದಿಂದ ನಿನ್ನ ಹಾಗೆ ಸಿಳ್ಳೆ ಹಾಕಿದ್ದಕ್ಕೆ ರೆಫ್ರಿ ಆಟ ನಿಲ್ಲಿಸಿ ಗದರಿಸಿದರು. ಇದನ್ನೆಲ್ಲ ಲೋಕಮ್ಮನಿಗೆ ಹೇಳಿದ್ದರೆ ಮಗಳನ್ನು ಹೊಸಿಲು ದಾಟಿಸುತ್ತಿರಲಿಲ್ಲ.

ಉಳಿದ ಕಾಲು ಪಾಲನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ಕೊನೆಯ ದಿನ ಪಂದ್ಯ ಇರಲಿಲ್ಲ. ಪಕ್ಕದ ಸಣ್ಣ ಮೈದಾನದಲ್ಲಿ ಎಲ್ಲ ದೇಶದ ಹುಡುಗಿಯರನ್ನೂ ಬೆರೆಸಿ ಸುಮ್ಮನೆ ಆಡಲು ಬಿಟ್ಟರು, ರೆಫ್ರಿಯೂ ಇರಲಿಲ್ಲ. ತೃಪ್ತಿಯ ಕಡೆ ಇದ್ದ ಹುಡುಗಿಯರಲ್ಲಿ ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದು. ಅವಳು ಸಿಳ್ಳೆ ಹಾಕಿದಳು. ಮೊದಲು ನಕ್ಕರು. ಸ್ವಲ್ಪ ಹೊತ್ತಿಗೆ ಅವರೆಲ್ಲ ಅದಕ್ಕೆ ತಿರುಗತೊಡಗಿದರು, ಒಂದಕ್ಕೆ ಎಡಕ್ಕೆ, ಎರಡಕ್ಕೆ ಬಲಕ್ಕೆ. ನಾಲ್ಕು ಗೋಲು ಹೊಡೆದರು ಸಂಗೀತಾ. ಬೇರೆ ತಂಡದ ಒಬ್ಬ ವಯಸ್ಸಾದ ಹೆಂಗಸು, ಅವರ ಕೋಚ್, ಓಡಿ ಬಂದು ಇದನ್ನು ಯಾರು ಕಲಿಸಿದ್ದು ಅಂತ ಕೇಳಿದರು. ತೃಪ್ತಿ ನಿನ್ನ ಹೆಸರು ಹೇಳಿದಳು. ಎಲ್ಲಿ ಆ ಹುಡುಗಿ ಅಂತ ಅವರು ನಮ್ಮ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ನೀನಿದ್ದಿದ್ದರೆ ಒಂಬತ್ತು ಗೋಲು ಐದಾಗುತ್ತಿತ್ತು ಅಷ್ಟೆ, ಗೆಲ್ಲುತ್ತಿರಲಿಲ್ಲ. ಆದರೆ ನಿನ್ನ ಕೈಯಲ್ಲಿರುವುದು ಎಂಥದ್ದು ಅಂತ ಅಂಬ್ಲಿಗೊಳದಲ್ಲಿ ನಿಂತು ನಿನಗೆ ಗೊತ್ತಾಗುವುದಿಲ್ಲ. ಕುರಿ ಕಾಯುವ ಸಿಳ್ಳೆ ಅಂತ ನೀನೇ ನಾಚಿಕೊಂಡವಳು. ಅಲ್ಲಿ ಹೋಗಿ ನಿಂತಿದ್ದರೆ ಗೊತ್ತಾಗುತ್ತಿತ್ತು. ಆಟ ಕಲಿಯಲು ಅಷ್ಟು ದೂರ ಹೋಗಬೇಕಾಗಿಲ್ಲ, ತನ್ನನ್ನು ನೋಡಿಕೊಳ್ಳಲು ಹೋಗಬೇಕು. ಲೋಕಮ್ಮನಿಗೆ ಮಾರನೆಯ ದಿನ ಹೀಗೆ ಹೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, ಹಾಗಾದರೆ ಕಳಿಸುತ್ತೇನೆ ಅಂದರು.

ಈಗ ಹೇಳಲೇಬೇಕಾದದ್ದು.

ಮೇ ತಿಂಗಳಲ್ಲಿ ಶಿಕಾರಿಪುರದ ಮೈದಾನದಲ್ಲಿ ನಿಮ್ಮಿಬ್ಬರನ್ನೂ ಆರಿಸಿದ್ದರು. ಸರ್ಟಿಫಿಕೇಟ್ ನೋಡಿದ ಸಂಸ್ಥೆಯವನು ಡಿಸೆಂಬರಿನ ಲೆಕ್ಕಕ್ಕೆ ನೀನು ಏಳು ತಿಂಗಳು ದೊಡ್ಡವಳು, ಹದಿಮೂರರ ಒಳಗಿನ ತಂಡಕ್ಕೆ ಬರುವುದಿಲ್ಲ ಅಂದ. ಹಾಳೆಯಲ್ಲಿ ಜೂನ್ ಒಂದು ಅಂತ ಇತ್ತು. ನೀನು ಹುಟ್ಟಿದ್ದು ಅದರ ಮುಂದಿನ ಸಂಕ್ರಾಂತಿಗೆ ಅಂತ ಅವ್ವ ಹೇಳುತ್ತಿದ್ದದ್ದು ನಿನಗೆ ಗೊತ್ತು. ನೀನು ನನ್ನ ಕಡೆ ತಿರುಗಿ, ‘ಶಾಲೆಗೆ ಸೇರಿಸುವಾಗ ಅವ್ವನೇ ತಪ್ಪು ಹೇಳಿರ್ಬೇಕು, ಅಲ್ಲೇನ್ರಿ ಟೀಚರ್?’ ಅಂದೆ. ನಾನು, ‘ಇರಬಹುದು’ ಅಂದೆ.

ನಿನ್ನ ಅವ್ವ ತಪ್ಪು ಹೇಳಿರಲಿಲ್ಲ. ಅವತ್ತು ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ‘ಸಂಕ್ರಾಂತಿ ಆಗಿ ಮೂರ್ನೇ ದಿನ ಹುಟ್ಟೈತ್ರಿ, ಹರಿಹರದ ಕಡೆ ಕುರಿ ಹಟ್ಟಿಯಾಗ. ಮೊನ್ನೆ ಸಂಕ್ರಾಂತಿಗೆ ಐದು ತುಂಬ್ತು ಅಷ್ಟೆ’ ಅಂತ ಸ್ಪಷ್ಟವಾಗಿ ಹೇಳಿದ್ದರು. ಒಂದನೇ ಕ್ಲಾಸಿಗೆ ಅಷ್ಟು ವಯಸ್ಸು ಸಾಲದು. ರಿಜಿಸ್ಟರಿನಲ್ಲಿ ಜೂನ್ ಒಂದು ಅಂತ ಬರೆದು ಆರು ತುಂಬಿಸಿದವಳು ನಾನು. ನಮ್ಮ ಕಡೆ ಮೇಷ್ಟ್ರುಗಳು ಬರೆದು ಬರೆದು ಅರ್ಧ ಊರು ಹುಟ್ಟಿದ್ದೇ ಜೂನ್ ಒಂದಕ್ಕೆ. ನಾನೂ ಯೋಚಿಸಲಿಲ್ಲ. ಹಟ್ಟಿಯಲ್ಲಿ ಹುಟ್ಟಿದ ಮಗುವಿಗೆ ಬೇರೆ ಕಾಗದ ಎಲ್ಲಿತ್ತು? ಮುಂದಿನ ಎಲ್ಲ ಕಾಗದವೂ ಆ ಒಂದು ಸಾಲಿನಿಂದಲೇ ಹುಟ್ಟಿದವು.

ಮಗು ಇನ್ನೊಂದು ವರ್ಷ ಕುರಿ ಹಿಂದೆ ಅಲೆಯದಿರಲಿ ಅಂತ ಸೇರಿಸಿಕೊಂಡೆ ಅಂತ ಎಲ್ಲರಿಗೂ ಹೇಳುತ್ತಿದ್ದೆ. ನಾನೂ ಅದನ್ನೇ ನಂಬಿದ್ದೆ. ನಿಜ ಏನೆಂದರೆ ಆ ಜೂನ್‌ನಲ್ಲಿ ನಮ್ಮ ಶಾಲೆಯಲ್ಲಿ ಒಂಬತ್ತೇ ಮಕ್ಕಳಿದ್ದರು. ಹತ್ತಾಗದಿದ್ದರೆ ಮುಚ್ಚುತ್ತಾರೆ ಅಂತ ಸುದ್ದಿಯಿತ್ತು, ನನ್ನನ್ನು ಎಲ್ಲಿಗೆ ಎತ್ತಿ ಹಾಕುತ್ತಾರೋ ಅಂತ ನನಗೆ ಭಯವಿತ್ತು. ನೀನು ನನ್ನ ಹತ್ತನೆಯವಳು.

ಹೋದ ಭಾನುವಾರ ಆನಂದಪ್ಪನವರ ಗದ್ದೆಗೆ ಬಂದಿದ್ದೆ. ನೀನು ಕುರಿ ಹೊಡೆದುಕೊಂಡು ಹೋಗಿದ್ದೆ. ನಿನ್ನ ಅವ್ವ ಗುತ್ಯಮ್ಮ ಕುರಿ ಕೂಡುವ ಬಲೆಯ ಗೂಟ ಕಿತ್ತು ಪಕ್ಕದ ಮಡಿಗೆ ನೆಡುತ್ತಿದ್ದರು. ನಾನೂ ಒಂದು ತುದಿ ಹಿಡಿದುಕೊಂಡು, ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವರಿಗೆ ಹೊಸದೇನೂ ಇರಲಿಲ್ಲ. ‘ಹೆತ್ತೋಳಿಗೆ ದಿನ ಮರೀತೈತೇನ್ರಿ? ನೀವೇ ಬರ್ದಿದ್ದು ಅಂತ ನಂಗೆ ಅವತ್ತೇ ಗೊತ್ತಿತ್ತು. ಅವ್ಳಿಗೆ ನೀವಂದ್ರೆ ದೇವ್ರು. ಅದನ್ಯಾಕೆ ಕೆಡಿಸ್ಲಿ ಅಂತ ನನ್ ಮ್ಯಾಲೇ ಹಾಕ್ಕಂಡೆ.’ ಇಷ್ಟು ಹೇಳಿ ಅವರು ಗೂಟ ಬಡಿಯತೊಡಗಿದರು. ಎಂಟು ತಿಂಗಳು ಮಗಳು ಮುಖ ತಿರುಗಿಸಿದ್ದನ್ನು ನುಂಗಿಕೊಂಡವರು ನನಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಅದನ್ನು ಹೇಗೆ ಕುಡಿದೆನೋ ನನಗೆ ತಿಳಿಯದು.

ದಿನ ತಪ್ಪಾಗಿ ಬರೆದವಳು ನಾನೇ ಅಂತ ಶಿಕಾರಿಪುರದ ಶಿಕ್ಷಣ ಇಲಾಖೆ ಆಫೀಸಿನಲ್ಲಿ ಬರೆದು ಕೊಟ್ಟು ಬಂದಿದ್ದೇನೆ. ಗುಮಾಸ್ತರು ಎರಡು ಸಲ ಓದಿ, ಸುಮ್ಮನೆ ಮೈಮೇಲೆ ಎಳೆದುಕೊಳ್ಳುತ್ತೀರಲ್ಲ ಮೇಡಂ ಅಂದರು. ವಿಚಾರಣೆ ಮಾಡಲಿ. ನಿನ್ನ ದಿನ ಸರಿ ಮಾಡಲು ಕೋರ್ಟಿನಲ್ಲಿ ಅವ್ವ ಹೇಳಿಕೆ ಕೊಡಬೇಕಾಗುತ್ತದೆ, ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ. ಮುಂದೆ ಯಾವುದಾದರೂ ತಂಡಕ್ಕೆ ಅದು ಸಮಯಕ್ಕೆ ಸಿಗುತ್ತದೋ ಇಲ್ಲವೋ, ಆಸೆ ಹುಟ್ಟಿಸಲು ನನಗೆ ಬಾಯಿಲ್ಲ. ನೀನು ಬಿಟ್ಟು ಹೋದ ಎಂಟನೇ ಕ್ಲಾಸಿನ ಜಾಗ ಮಾತ್ರ ಹಾಗೇ ಇದೆ. ತೃಪ್ತಿ ಬೆಂಚಿನಲ್ಲಿ ಪಕ್ಕಕ್ಕೆ ಯಾರನ್ನೂ ಕೂರಲು ಬಿಡುತ್ತಿಲ್ಲವಂತೆ.

ನನಗೆ ಉತ್ತರ ಬರೆಯಬೇಡ. ಫೋನೂ ಎತ್ತಬೇಡ. ನನ್ನ ಮೇಲೆ ನಿನಗೆ ಎಷ್ಟು ದಿನ ಬೇಕೋ ಅಷ್ಟು ದಿನ ಸಿಟ್ಟಿರಲಿ, ಅದು ನನಗೆ ಸಲ್ಲಬೇಕಾದದ್ದು. ಇದನ್ನು ಓದಿ ಮುಗಿಸಿದ ಕೂಡಲೇ ಅವ್ವನ ಹತ್ತಿರ ಹೋಗು. ಅವರಿಗೆ ಓದಲು ಬರುವುದಿಲ್ಲ. ಮೊದಲ ಸಾಲಿನಿಂದ ಕೊನೆಯವರೆಗೂ ನೀನೇ ಅವರಿಗೆ ಓದಿ ಹೇಳು. ಎಂಟು ತಿಂಗಳಿಂದ ಅವರು ನಿನ್ನ ದನಿ ಕೇಳಿಲ್ಲ.

ನೀನು ನಿಂತ ಕಡೆ ನಿನಗೆ ಮೈದಾನ ಸಿಗಲಿ, ತಾಯೀ.

ನಿನ್ನ ಏಳು ತಿಂಗಳನ್ನು ಇಟ್ಟುಕೊಂಡವಳು,
ನಯನ ಟೀಚರ್