ಕೊನೆಯ ಹದಿನಾರು ಪುಟ

ಅಂಗಡಿಯ ಹಿಂದಿನ ಕೋಣೆ, ಹಳೇ ರಟ್ಟಿನ ರಾಶಿಯ ಮೇಲೆ
ಹನ್ನೆರಡನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ, ಹಾಗೂ ಎಂಟು ತಿಂಗಳಿಂದ ಮುನಿಸಿಕೊಂಡಿರುವ ಅಕ್ಕಾ,

ನಿನ್ನ ಕೆಮ್ಮು ಹೇಗಿದೆ? ಅಚ್ಚುಮನೆಯಲ್ಲಿ ಕರಡು ತಿದ್ದಿ ತಿದ್ದಿ ಕಣ್ಣು ಉರಿಯುತ್ತದೆ ಎಂದು ಬರೆದಿದ್ದೆ. ಕನ್ನಡಕ ಮಾಡಿಸಿಕೊಂಡೆಯಾ, ಇಲ್ಲ ಎಂದಿನಂತೆ ನಾಳೆ ನಾಳೆ ಎನ್ನುತ್ತಿದ್ದೀಯಾ? ಇಲ್ಲಿ ನಾನು ಕ್ಷೇಮ. ಅಪ್ಪ ಅರ್ಧ ಕ್ಷೇಮ. ಉಳಿದರ್ಧ ಎದುರಂಗಡಿಯಲ್ಲಿದೆ. ಅದನ್ನು ವಿವರಿಸುವುದೇ ಈ ಗಂಭೀರ ಪತ್ರದ ಉದ್ದೇಶವಾದ್ದರಿಂದ ನೆಟ್ಟಗೆ ಕುಳಿತು ಓದತಕ್ಕದ್ದು.

ಹೋದ ವಾರ ಗ್ರಂಥಾಲಯದಮ್ಮ ಒಂದು ಹಳೇ ಕಾದಂಬರಿಯನ್ನು ಬೈಂಡಿಂಗಿಗೆ ಕೊಟ್ಟರು. ಬೆನ್ನು ಮುರಿದು ಸರಿಯಾಗಿ ನಡುವೆ ಎರಡು ಹೋಳಾಗಿತ್ತು. ಗುಡ್ಡದ ಮೇಲೊಂದು ಕಲ್ಲಿನ ಬಂಗಲೆ, ಅಲ್ಲಿಗೆ ಗಡಿಯಾರ ರಿಪೇರಿಗೆ ಬರುವ ಬಡಪಾಯಿ, ಅವನನ್ನು ಪ್ರೀತಿಸುವ ಬಂಗಲೆಯ ಮಗಳು. ಧಣಿ ಅವನನ್ನು ಎಲ್ಲರೆದುರು ಗೇಟಿನಾಚೆ ನೂಕಿಸುತ್ತಾನೆ. ಹನ್ನೆರಡು ವರ್ಷದ ಮೇಲೆ ಅವನು ಸಾಹುಕಾರನಾಗಿ ಬಂದು ಬಂಗಲೆಯನ್ನೇ ಕೊಂಡು, ಸೇಡಿಗಾಗಿ ಒಂದೊಂದೇ ಗಡಿಯಾರ ನಿಲ್ಲಿಸುತ್ತಾ ಹೋಗುತ್ತಾನೆ. ಅವಳು ಗೋಪುರದ ಕೋಣೆ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ದೆವ್ವವೂ ಒಂದಿದೆ, ಆದರೆ ಅದಕ್ಕೆ ಹೆಚ್ಚು ಕೆಲಸವಿಲ್ಲ. ಓದುತ್ತಾ ಓದುತ್ತಾ ಇವರನ್ನೆಲ್ಲ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನಮ್ಮಲ್ಲಿ ಕಾಗದ ಕತ್ತರಿಸುತ್ತಿದ್ದ ನಿನ್ನ ‘ಅವರು’ (ಭಾವ ಎಂದು ಬರೆಯಲು ನನಗಿನ್ನೂ ಅಧಿಕಾರ ಬಂದಿಲ್ಲ) ನಿನ್ನನ್ನು ಮದುವೆಗೆ ಕೇಳಿದ ದಿನ ಅಪ್ಪ, ಗಿರಾಕಿಗಳೆದುರಿಗೇ, “ಕೂಲಿಗೆ ಕತ್ತರಿ ಹಿಡಿದೋನಿಗೆ ನನ್ನ ಮಗಳಾ?” ಅಂದದ್ದು, ಅವರು ಹಟಕ್ಕೆ ಬಿದ್ದು ಎದುರಿಗೇ ಬೈಂಡಿಂಗ್ ಅಂಗಡಿ ತೆರೆದು ನಮಗೆ ಬರುತ್ತಿದ್ದ ಶಾಲೆ, ಕಚೇರಿಗಳ ಕೆಲಸವನ್ನೆಲ್ಲ ಎಳೆದುಕೊಂಡದ್ದು, ಇಬ್ಬರ ಮೇಲೂ ರೇಗಿ ನೀನು, “ನಿಮಗೆ ನಾನು ಬೇಕಾಗಿಲ್ಲ, ಜಗಳ ಬೇಕು. ನೀವಿಬ್ರೂ ಒಂದೇ ಬೆಂಚಿನ ಮೇಲೆ ಕೂತ ದಿನ ಬರ್ತೀನಿ” ಎಂದು ಪೆಟ್ಟಿಗೆ ಎತ್ತಿದ್ದು, ಎಲ್ಲ ನೆನಪಾಯಿತು.

ಹಾಗಾಗಿ ಮೊದಲರ್ಧವನ್ನು ಅಪ್ಪನ ಮೇಜಿನ ಮೇಲಿಟ್ಟೆ. ಉಳಿದದ್ದನ್ನು ಎದುರಂಗಡಿಗೆ ಒಯ್ದು, ಸಾವಿನ ಸುದ್ದಿ ತಂದವಳ ಮುಖ ಮಾಡಿ, “ಗ್ರಂಥಾಲಯದಮ್ಮ ಕೆಲಸ ಹಂಚಿದ್ದಾರೆ” ಎಂದೆ. ಅಪ್ಪನ ಚಾಳಿ ನಿನಗೆ ಗೊತ್ತಲ್ಲ, ಹದಿನಾರು ಪುಟದ ಒಂದೊಂದು ಫಾರಮ್ಮನ್ನೂ ತುಟಿ ಅಲ್ಲಾಡಿಸುತ್ತಾ ಓದಿ ಮುಗಿಸದೆ ಸೂಜಿ ಹಾಕುವುದಿಲ್ಲ. ನಿನ್ನವರಿಗೂ ಅದನ್ನೇ ಕಲಿಸಿದ್ದು ಅಪ್ಪನೇ. ಹೀಗೆ ಬೀದಿಯ ಈ ಬದಿಗೆ ಪ್ರೀತಿ, ಅವಮಾನ. ಆ ಬದಿಗೆ ಬರೀ ಸೇಡು. ಮೂರನೇ ದಿನ ಅಪ್ಪ ತಟ್ಟೆ ಮುಂದಿಟ್ಟುಕೊಂಡು, “ಅಲ್ವೇ ಮರಿದೆವ್ವ, ಗೇಟಿನಾಚೆ ಹೋದ ಹುಡುಗ ಏನಾದ?” ಎಂದರು. ಒಮ್ಮೆ ಹಡಗು ಮುಳುಗಿ ಸತ್ತ ಎಂದೆ, ಇನ್ನೊಮ್ಮೆ ಸನ್ಯಾಸಿಯಾದ ಎಂದೆ. ನಂಬಲಿಲ್ಲ. ಸುಳ್ಳಿನಲ್ಲಿ ನನ್ನ ಹೆಸರು ಅಷ್ಟು ಚೆನ್ನಾಗಿದೆ.

ನಿನ್ನೆ ಬೆಳಿಗ್ಗೆ ಅಪ್ಪ ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನನ್ನದು ಮೆಟ್ಟಿಕೊಂಡು ಬೀದಿ ದಾಟಿದರು. ನಾನು ಹಿಂದೆಯೇ ಹೋಗಿ ಬಾಗಿಲ ಮರೆಗೆ ನಿಂತೆ. “ದಾರ ಇದೆಯೇನಯ್ಯಾ?” ಅಂದರು, ಅವರದೇ ಜೇಬಿನಿಂದ ದಾರದುಂಡೆ ಇಣುಕುತ್ತಿತ್ತು. ನಿನ್ನವರು ಎದ್ದು ಬೆಂಚು ಒರೆಸಿದರು. “ಕೂತ್ಕೊಳ್ಳಿ ಯಜಮಾನ್ರೇ. ನನಗೂ ಒಂದು ಕೇಳೋದಿತ್ತು. ಈ ಗಡಿಯಾರದವನು ಇಂಥ ರಾಕ್ಷಸ ಯಾಕಾದ? ಮೊದಲು ಏನು ನಡೀತು?” ಅಪ್ಪ ತುಂಬಾ ಹೊತ್ತು ಬೆರಳಿನ ಮೇಲೆ ಒಣಗಿದ ಗೋಂದನ್ನು ಕೀಳುತ್ತಿದ್ದರು. ಆಮೇಲೆ, “ಎಲ್ಲರೆದುರಿಗೆ ಅವಮಾನ ಮಾಡಿಬಿಟ್ರಯ್ಯಾ” ಎಂದರು. “ಹುಡುಗ ಒಳ್ಳೆಯವನೇ ಇದ್ದ.” ನಿನ್ನವರು ತಮ್ಮ ಭಾಗವನ್ನು ಅಪ್ಪನ ತೊಡೆಯ ಮೇಲಿಟ್ಟು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಅದೇ ಬೆಂಚಿನ ಮೇಲೆ ಕೂತರು. “ನನ್ನ ಭಾಗದಲ್ಲೂ ಅವನಿಗೆ ನೆಮ್ಮದಿ ಇಲ್ಲ ಯಜಮಾನ್ರೇ. ಬಂಗಲೆ ಸಿಕ್ಕಿತು. ಅವಳು ಬಾಗಿಲು ತೆಗೀಲಿಲ್ಲ.” ನನಗೊಂದು ತಮಾಷೆ ಹೊಳೆದಿತ್ತು ಅಕ್ಕಾ, ಅದನ್ನು ಹೇಳದೆಯೇ ಬೀದಿ ದಾಟಿ ವಾಪಸು ಬಂದೆ. ನನ್ನ ಜನ್ಮದಲ್ಲಿ ಇದೇ ಮೊದಲು. ಇವತ್ತೂ ಇಬ್ಬರೂ ಅಲ್ಲೇ ಇದ್ದಾರೆ. “ಸೂಜಿ ಹಾಗಾ ಹಿಡಿಯೋದು?” ಎಂಬ ಬೈಗುಳವೂ ಶುರುವಾಗಿದೆ.

ಅಪ್ಪ ನಿನಗೇನೂ ಹೇಳಿ ಕಳಿಸಿಲ್ಲ. ಊಟಕ್ಕೆ ಬಂದವರು ನಾನು ಬರೆಯುವುದನ್ನು ನೋಡಿ, “ಪೆನ್ನಿಗೆ ಇಂಕು ಸಾಕಾ?” ಎಂದು ಕೇಳಿ ಹೋದರು. ಬಿಸಿನೀರು ಕುಡಿ, ಸ್ವೆಟರು ಹಾಕಿಕೋ.

ಇಂತು ನಿನ್ನ ವಿಧೇಯಳೆಂದು ತಾನೇ ಹೇಳಿಕೊಳ್ಳುವ
ಮರಿದೆವ್ವ

ತಾ.ಕ.: ಅವಸರ, ಅಪ್ಪ ಕೂಗುತ್ತಿದ್ದಾರೆ. ಕೊನೆಯ ಫಾರಂ ಕಾಣೆಯಾಗಿದೆಯಂತೆ, ಇಬ್ಬರೂ ಕಸದ ಬುಟ್ಟಿ ತಲೆಕೆಳಗು ಮಾಡಿದ್ದಾರೆ. ಅವಳು ಬಾಗಿಲು ತೆಗೆದಳೋ ಇಲ್ಲವೋ ಅದರಲ್ಲೇ ಇದೆ. ಅದು ಈ ಲಕೋಟೆಯಲ್ಲಿದೆ. ನಾನು ಓದಿಲ್ಲ, ನಿನ್ನಾಣೆ. ಮುಂದಿನ ವಾರ ಶನಿವಾರ ಗ್ರಂಥಾಲಯದಮ್ಮ ಪುಸ್ತಕಕ್ಕೆ ಬರುತ್ತಾರೆ. ಅಂಚೆಗೆ ಹಾಕಬೇಡ, ನೀನೇ ತಗೊಂಡು ಬಾ. ಬೆಂಚಿನ ನಡುವಿನ ಜಾಗದಲ್ಲಿ ಸದ್ಯಕ್ಕೆ ಗೋಂದಿನ ಡಬ್ಬ ಇಟ್ಟಿದ್ದಾರೆ. ಬರುವ ದಿನ ತಿಳಿಸಿದರೆ ಎತ್ತಿಡುತ್ತೇನೆ.