ಚೀಟಿ ಕಳಿಸದ ಕಳ್ಳ

ಮೇ 12, ಬೆಳಗ್ಗೆ

ಮೀನು ಸುಡಲು ಇಟ್ಟು, ನನ್ನ ಮಾಂಗಾ ಚಿತ್ರಕಥೆಯ ಮೇಯರ್‌ನ ವಿಗ್‌ಗೆ ಮಸಿ ತುಂಬುತ್ತ ಕೂತೆ. ವಿಗ್ ಚೆನ್ನಾಗಿ ಬಂತು. ಮೀನು ಕರಕಲು.

ರಿತ್ಸು ತಟ್ಟೆ ನೋಡಿದಳು. ಬಾರ್ಲಿ ಟೀ ಒಂದು ಗುಟುಕು ಕುಡಿದಳು. "ಇರಲಿ ಬಿಡಪ್ಪ. ಈ ಮನೆಗೆ ಬರೋ ಮೀನು ಎಲ್ಲಾದಕ್ಕೂ ತಯಾರಾಗೇ ಬಂದಿರತ್ತೆ."

ಹತ್ತು ವರ್ಷದ ಮಗಳು. ನಾಲ್ಕನೇ ಕ್ಲಾಸು. ಅವಳು ಶೂ ಹಾಕಿಕೊಂಡು ಹೊರಟ ಮೇಲೆ ಆ ಮಾತನ್ನು ಇಲ್ಲಿ ಬರೆದು ಪಕ್ಕದಲ್ಲಿ ನಕ್ಷತ್ರ ಹಾಕಿದೆ. ನನ್ನ ಕಥೆಯ ಹುಡುಗ ಗೊರೊಕುವಿನ ಬಾಯಿಗೆ ಹೊಂದುತ್ತದೆ.

ಮೇ 15

ಸಂಪಾದಕ ಒರಿಬೆ ಬಂದಿದ್ದ. ಓದುಗರ ಕಾರ್ಡುಗಳ ಕಟ್ಟು ತಂದಿದ್ದ. 'ಮಾಯಗಳ್ಳ ಮೊನಾಕಾ'ದಲ್ಲಿ ಮಕ್ಕಳಿಗೆ ಇಷ್ಟವಾಗಿರುವವನು ಮೊನಾಕಾ ಅಲ್ಲವಂತೆ. ಅವನನ್ನು ಹಿಡಿಯಲು ಹೋಗಿ ಪ್ರತಿ ತಿಂಗಳೂ ಸೋಲುವ ಒಂಬತ್ತು ವರ್ಷದ ಇನ್‌ಸ್ಪೆಕ್ಟರ್ ಗೊರೊಕು. ಅಂದರೆ ಟೋಪಿ, ರೇಷ್ಮೆ ನಿಲುವಂಗಿ, ಛಾವಣಿಯಿಂದ ಛಾವಣಿಗೆ ಹಾರುವ ನನ್ನ ಇಷ್ಟೆಲ್ಲ ಕಷ್ಟ ದಂಡ.

ಗಿಫುವಿನ ಒಬ್ಬ ಮೇಡಂ ಬರೆದಿದ್ದಾರೆ: 'ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಹೀಗೆ ಮಾತಾಡುವ ಮಗು ಭೂಮಿಯ ಮೇಲೆ ಇಲ್ಲ.'

ಸಹಾಯಕಿ ಕಾನ್ಬೆ ಇದನ್ನು ಜೋರಾಗಿ ಓದಿದಳು. ನನ್ನ ಕಥೆಯ ಕಟ್ಟಡ, ಬೀದಿ, ಚಂದ್ರ ಎಲ್ಲ ಬರೆಯುವವಳು ಇವಳೇ. ಓದಿ ಮುಗಿಸಿ ಪಕ್ಕದಲ್ಲಿ ಕೂತಿದ್ದ ರಿತ್ಸುವನ್ನು ಮೇಲಿಂದ ಕೆಳಗೆ ನೋಡಿದಳು. ರಿತ್ಸು ತಲೆ ಎತ್ತದೆ, "ಏನಾಂಟಿ, ಕಳೆದ ವಾರ ತೊಗೊಂಡ ಕನ್ನಡಕ ಸರಿ ಹೋಗಲಿಲ್ವಾ?" ಎಂದಳು.

ನಕ್ಷತ್ರ.

ಒರಿಬೆ ಹೊರಡುವಾಗ ಹೇಳಿದ್ದು: "ಆ ಹುಡುಗನ ಬಾಯಲ್ಲಿ ಇನ್ನೂ ನಾಲ್ಕು ಮಾತು ಹೆಚ್ಚಿಗೆ ಬರಲಿ ಮೇಷ್ಟ್ರೇ. ಪುಸ್ತಕ ತರೋ ಮಾತು ನಮ್ಮಲ್ಲಿ ನಡೀತಿದೆ." ಪುಸ್ತಕ! ಹನ್ನೊಂದು ವರ್ಷ ಪತ್ರಿಕೆಗೆ ಬರೆದೆ, ರದ್ದಿಗೆ ಹೋಗದೆ ಉಳಿದದ್ದು ಒಂದೂ ಇಲ್ಲ.

ಮೇ 24

ಫುಕುಓಕಾದಿಂದ ರಿತ್ಸುವಿನ ಅಮ್ಮನ ಫೋನ್. ಬ್ಯಾಂಕಿನವರು ಅವಳನ್ನು ಅಲ್ಲಿಗೆ ವರ್ಗ ಮಾಡಿ ಒಂದು ವರ್ಷವಾಯಿತು. ಶಾಲೆಯ ಕ್ರೀಡಾದಿನಕ್ಕೆ ಖಂಡಿತಾ ಬರ್ತೀನಿ ಅಂದಿದ್ದವಳು ಬರಲಾಗುವುದಿಲ್ಲವಂತೆ. ರಿತ್ಸು "ಸರಿ", "ಸರಿ", "ಹುಷಾರು" ಎಂದು ಇಟ್ಟಳು.

ಆಮೇಲೆ ನನ್ನ ಮೇಜಿನ ಹತ್ತಿರ ನಿಂತು, ಗೋಡೆಗೆ ಹೇಳುವ ಹಾಗೆ: "ಖಂಡಿತಾ ಅಂದ್ರೆ ಕಾಯ್ಬೇಕಾಗತ್ತೆ ಅಪ್ಪ. ನೋಡೋಣ ಅಂದಿದ್ರೆ ಆಟ ಆಡ್ಕೊಂಡಿರ್ಬಹುದಿತ್ತು."

ತಲೆ ಸವರಿದೆ, ಕೈಗೆ ಮಸಿ ಇತ್ತು, ಕೂದಲಿಗೆ ಹತ್ತಿತು. ಬೈದಳು.

ಎರಡು ನಕ್ಷತ್ರ.

ಜೂನ್ 6

ಜುಲೈ ಸಂಚಿಕೆಯ ಪುಟ ಮುಗಿಯಿತು. ಮೊನಾಕಾ ಈ ಸಲ ಸಾರ್ವಜನಿಕ ಸ್ನಾನದ ಮನೆಯ ಗೋಡೆಯಿಂದ ಫ್ಯುಜಿ ಬೆಟ್ಟದ ಚಿತ್ರವನ್ನೇ ಎತ್ತಿಕೊಂಡು ಹೋಗುತ್ತಾನೆ. ಎಂದಿನಂತೆ ಮೊದಲೇ ಚೀಟಿ: 'ಇಂಥ ದಿನ, ಇಂಥ ಹೊತ್ತಿಗೆ ಖಂಡಿತಾ ಬರುತ್ತೇನೆ.' ಚೀಟಿ ಕಳಿಸದೆ ಒಂದು ಗುಂಡುಸೂಜಿಯನ್ನೂ ಮುಟ್ಟುವವನಲ್ಲ ಅವನು. ಛಾವಣಿಯ ಮೇಲೆ ಗೊರೊಕು ಒಬ್ಬನೇ ಕೂತು ಕಾಯುತ್ತಾನೆ. ಅವನ ಮಾತಿನ ಗುಳ್ಳೆಯಲ್ಲಿ ರಿತ್ಸುವಿನ 'ಖಂಡಿತಾ, ನೋಡೋಣ' ಮಾತು, ಅಕ್ಷರ ಬದಲಿಸದೆ.

ಪುಟ ಓದಿ ಒರಿಬೆ ಫೋನ್ ಮಾಡಿದ. "ಇದನ್ನೆಲ್ಲ ಎಲ್ಲಿಂದ ತರ್ತೀರಿ?"

"ಬರತ್ತೆ" ಅಂದೆ.

ಜುಲೈ 5

ಸಂಚಿಕೆ ಅಂಗಡಿಗೆ ಬಂದಿದೆ. ರಿತ್ಸು ಶಾಲೆಯಿಂದ ಬಂದಳು. ಚೀಲ ಇಟ್ಟಳು. ಕೈ ತೊಳೆದಳು. ಊಟಕ್ಕೆ ಏನು ಎಂದು ಕೇಳಿದರೆ "ಹೂಂ".

ಆಲೂಗೆಡ್ಡೆ ಕ್ರೋಕೆ ಸೀದಿತ್ತು. ಏನೂ ಅನ್ನಲಿಲ್ಲ. ತಿಂದಳು.

ಜುಲೈ 8

ಇನ್ನೂ "ಹೂಂ". "ಊಹೂಂ" ಕೂಡ ಇದೆ. ಅಷ್ಟೇ.

ಕ್ಲಾಸಿನಲ್ಲಿ ಆದದ್ದನ್ನು ರಿತ್ಸು ಕಾನ್ಬೆಗೆ ಹೇಳಿದ್ದಾಳಂತೆ. ಗೆಳತಿ ಸಾಯೊ ಭಾನುವಾರ ಈಜುಕೊಳಕ್ಕೆ ಖಂಡಿತಾ ಕರ್ಕೊಂಡು ಹೋಗ್ತೀನಿ ಅಂದಳು. ಇವಳು, ಖಂಡಿತಾ ಅನ್ನಬೇಡ, ನೋಡೋಣ ಅನ್ನು, ಕಾಯ್ಬೇಕಾಗತ್ತೆ ಅಂದಳು. ಇಡೀ ಕ್ಲಾಸು ಹೋ ಎಂದಿತು. ಗೊರೊಕು ಮಾತು ಕದ್ದಳು! ಕಾಪಿ! ಸಾಯೊ ಪತ್ರಿಕೆ ತೆಗೆದು ಪುಟ ತೋರಿಸಿದಳು.

ರಿತ್ಸು ನನ್ನ ಕಥೆ ಓದುವುದಿಲ್ಲ. "ಮನೇಲಿ ಬಿಟ್ಟಿ ನೋಡ್ತೀನಲ್ಲ" ಅನ್ನುತ್ತಾಳೆ. ಅಲ್ಲಿಯೇ, ಎಲ್ಲರ ಮುಂದೆ, ಮೊದಲ ಸಲ ನೋಡಿದಳು.

"ಅದು ನಮ್ಮಪ್ಪ ಬರೆಯೋದು ಅಂದಿದ್ರೆ ಆಗ್ತಿತ್ತಲ್ಲ" ಎಂದೆ.

ಕಾನ್ಬೆ ಸ್ಕೇಲ್ ಕೆಳಗಿಟ್ಟಳು. "ಕಳ್ಳ ಹೆಸರಿಟ್ಕೊಂಡು ಬರೀತೀರಿ. ಶಾಲೇಲಿ ಯಾರಿಗೂ ಹೇಳಬೇಡ ಅಂತ ಮಾತು ತೊಗೊಂಡೋರು ಯಾರು? ನಾನಾ?"

ನಾನೇ.

ಜುಲೈ 9

ಮಾತಾಡಿಸಿದೆ. ತಪ್ಪಾಯಿತು, ನಿನ್ನ ಮಾತು ಚೆನ್ನಾಗಿತ್ತು, ಅದಕ್ಕೇ... ಎಂದೆಲ್ಲ.

ಪೂರ್ತಿ ಕೇಳಿಸಿಕೊಂಡಳು. "ಮೊನಾಕಾ ಕಳ್ಳ. ಅವನಾದ್ರೂ ಚೀಟಿ ಕಳ್ಸಿ ಬರ್ತಾನೆ."

ಬಾಗಿಲು ಹಾಕಿಕೊಂಡಳು. ಮೆಲ್ಲಗೆ. ಧಡಾರನೆ ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಜುಲೈ 14

ಮುಂದಿನ ಕಂತು. ಚಿತ್ರಕ್ಕೆ ಮಸಿ ಆಯಿತು. ಗೊರೊಕುವಿನ ಗುಳ್ಳೆಗಳೆಲ್ಲ ಖಾಲಿ. ನಾನೇ ಹೊಸೆದ ಮಾತು ತುಂಬಿ ಕಾನ್ಬೆಗೆ ತೋರಿಸಿದೆ.

"ಇದು ಮಗು ಮಾತಾಡಿದ ಹಾಗಿಲ್ಲ."

"ಅವನು ದೊಡ್ಡವರ ಹಾಗೆ ಮಾತಾಡೋ ಮಗು."

"ದೊಡ್ಡವರ ಹಾಗೂ ಇಲ್ಲ ಮೇಷ್ಟ್ರೇ. ಮಾಂಗಾ ಬರೆಯೋರು ಮಾತಾಡಿದ ಹಾಗಿದೆ."

ಮನೆ ಬಣಗುಡುತ್ತಿದೆ. ಬೆಳಗ್ಗೆ ಮೀನು ಬೇಕೆಂದೇ ಸೀಯಿಸಿದೆ. ಸುಮ್ಮನೆ ತಿಂದು ಹೋದಳು.

ಜುಲೈ 16

ಈ ಡೈರಿ ಹಿಂದಕ್ಕೆ ತಿರುವಿದೆ. ಹಳೆಯ ನಕ್ಷತ್ರ ಬೇಕಾದಷ್ಟಿವೆ. ಕನ್ನಡಕದ್ದು. ಮೀನಿಂದು. ಹೋದ ವರ್ಷ ಅಮ್ಮನ ಸೂಟ್‌ಕೇಸ್ ನೋಡಿ ಹೇಳಿದ್ದು. ಪೆನ್ಸಿಲ್‌ನಲ್ಲಿ ಗುಳ್ಳೆ ತುಂಬಿದೆ. ಅಚ್ಚಿನ ಅಕ್ಷರ ಆಮೇಲೆ ಪತ್ರಿಕೆಯವರು ಅಂಟಿಸುತ್ತಾರೆ. ಕಂತು ಎದ್ದು ಕೂತಿತು.

ಗೊತ್ತಿದ್ದೂ ಮಾಡಿದೆ. 21ಕ್ಕೆ ಒರಿಬೆ ಬರುತ್ತಾನೆ. ಪುಸ್ತಕ ಇದರ ಮೇಲಿದೆ.

ಕಾನ್ಬೆ ಓದಿದಳು. ಯಾಕೋ ಇವತ್ತು ಬೇಗ ಎದ್ದು, ರಿತ್ಸುವಿನ ಕೋಣೆಗೆ ಒಮ್ಮೆ ಹೋಗಿ ಬಂದು, ಮನೆಗೆ ಹೋದಳು.

ಜುಲೈ 17

ಫ್ರಿಜ್ ಬಾಗಿಲ ಮೇಲೆ ಚೀಟಿ. ಅಚ್ಚುಕಟ್ಟಾದ ಕೈಬರಹ. ಮೂಲೆಯಲ್ಲಿ ಟೋಪಿಯ ಚಿತ್ರ, ನನ್ನದಕ್ಕಿಂತ ವಾಸಿ.

'ಇಪ್ಪತ್ತರ ಸಂಜೆ ಐದಕ್ಕೆ ನನ್ನದನ್ನು ತೆಗೆದುಕೊಂಡು ಹೋಗಲು ಬರುತ್ತೇನೆ. ಖಂಡಿತಾ.'

ಡೈರಿ! ಇನ್ನೇನು?

ಜುಲೈ 20

ಸಮುದ್ರ ದಿನದ ರಜೆ. ಡೈರಿಯನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟು ಅದರ ಮೇಲೆಯೇ ಕೂತೆ. ನಲವತ್ತಮೂರು ವರ್ಷದ ಗಂಡಸು, ಕೈಯಲ್ಲಿ ಬೀಸಣಿಗೆ. ಐದಾಯಿತು. ಐದೂಕಾಲು. ಯಾರೂ ಬರಲಿಲ್ಲ. ಗೆದ್ದೆ ಎಂದುಕೊಂಡೆ. ಗೊರೊಕುವೂ ಪ್ರತಿ ತಿಂಗಳು ಚಿತ್ರದ ಇಂಥದೇ ಚೌಕದಲ್ಲಿ ಹೀಗೇ ಅಂದುಕೊಳ್ಳುತ್ತಾನೆ.

ಕೆಲಸದ ಕೋಣೆಗೆ ಹೋದೆ. ರಿತ್ಸು ನನ್ನ ಕುರ್ಚಿಯಲ್ಲಿ. ಕೈಯಲ್ಲಿ ರಬ್ಬರ್. ಗೊರೊಕುವಿನ ಗುಳ್ಳೆಗಳೆಲ್ಲ ಬೆಳ್ಳಗೆ. ಮೊನಾಕಾನ ಮಾತು ಹಾಗೇ ಇವೆ. ಮಸಿಯ ಒಂದು ಗೆರೆಗೂ ಏಟಾಗಿಲ್ಲ. ಒಂದೇ ದಿಕ್ಕಿಗೆ ಒರೆಸಬೇಕು ಎಂದು ಇವಳಿಗೆ ಕಲಿಸಿದವನು ನಾನು.

ಕಾನ್ಬೆ ಪಕ್ಕದಲ್ಲೇ ಕೂತು ಚಿಮಣಿ ಬರೆಯುತ್ತಿದ್ದಳು.

"ತಡೀಬಾರ್ದಿತ್ತಾ ನೀನು?"

"ಚೀಟಿ ಕೊಟ್ಟು ಬಂದೋಳನ್ನ ಹೇಗೆ ತಡೀಲಿ ಮೇಷ್ಟ್ರೇ? ನಮ್ಮ ಕಥೇಲಿ ಇದುವರೆಗೂ ಯಾರೂ ತಡೆದಿಲ್ಲವಲ್ಲ."

ರಿತ್ಸು ರಬ್ಬರ್ ಪುಡಿಯನ್ನು ಅಂಗೈಗೆ ಬಳಿದುಕೊಂಡು ಬುಟ್ಟಿಗೆ ಹಾಕಿದಳು. ಸಿಟ್ಟು ಬಂದಿತ್ತು ನನಗೆ, ಸುಳ್ಳೇಕೆ. ಬೆಳಗಾದರೆ ಒರಿಬೆ.

"ಡೈರೀಲಿ ಇರೋದು ಇರಲಿ" ಅಂದಳು. "ನೆಂಟರ ಫೋಟೋ ಥರ, ಮನೇಲೇ. ಇನ್ಮೇಲೆ ಬರೆಯೋಕೆ ಮುಂಚೆ ಕೇಳು."

"ಬೇಡ ಅಂದ್ರೆ?"

"ಬೇಡ ಅಂತ ಅರ್ಥ."

ಈ ಎರಡು ಮಾತು ಬರೆದುಕೊಳ್ಳಲೇ ಎಂದು ಕೇಳಿದೆ. ಯೋಚಿಸಿದಳು. ಇವನ್ನು ಬರೆಯಬಹುದು, ನಕ್ಷತ್ರ ಬೇಡ ಅಂದಳು.

ಜುಲೈ 21

ಒರಿಬೆ ಬರುವುದು ಹತ್ತಕ್ಕೆ. ಒಂಬತ್ತಕ್ಕೆ ಪೆನ್ಸಿಲ್ ಹಿಡಿದು ಕೂತೆ. ಅಳಿಸಿದ್ದೆಲ್ಲ ಬಾಯಿಪಾಠವಿದೆ. ಮತ್ತೆ ತುಂಬಲು ಕಾಲುಗಂಟೆ ಸಾಕು. ಪಕ್ಕದ ಕೋಣೆಯಲ್ಲಿ ರಿತ್ಸು ಬೇಸಿಗೆ ರಜೆಯ ಮೊದಲ ಲೆಕ್ಕ ಮಾಡುತ್ತಿದ್ದಳು. ಬಾಗಿಲು ತೆರೆದೇ ಇತ್ತು. ಒಂದು ಸಲವೂ ಈ ಕಡೆ ನೋಡಲಿಲ್ಲ.

ಗೊರೊಕುವಿನ ಗುಳ್ಳೆಗಳಲ್ಲೆಲ್ಲ ಮಾತಿನ ಬದಲು ಚುಕ್ಕಿ ಇಟ್ಟೆ. ಬರೀ ಚುಕ್ಕಿ. ಕೊನೆಯ ಚೌಕದಲ್ಲಿ ಮೊನಾಕಾ ಬೆನ್ನು ಹಾಕಿ ನಿಂತಿದ್ದಾನೆ. ಅವನ ಹಳೆಯ ಮಾತು ಅಳಿಸಿ ಹೊಸದು ಬರೆದೆ: 'ಈ ಸಲ ಚೀಟಿ ಕಳಿಸದೆ ಬಂದಿದ್ದೆ, ಇನ್‌ಸ್ಪೆಕ್ಟರ್. ತಪ್ಪು ನನ್ನದು.'

ಒರಿಬೆ ಪುಟ ತಿರುವಿದ. ಹಿಂದೆ ತಿರುವಿದ. "ಗೊರೊಕು ಮಾತೆಲ್ಲಿ ಮೇಷ್ಟ್ರೇ?"

"ಕಳುವಾಗಿದೆ."

"ತಮಾಷೆ ಬೇಡ."

"ಈ ತಿಂಗಳು ಅವನು ಮಾತಾಡಲ್ಲಪ್ಪ. ಮುಂದಿನ ತಿಂಗಳೂ ಹೇಳೋಕಾಗಲ್ಲ."

ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ಲಕೋಟೆಗೆ ಪುಟ ಹಾಕಿಕೊಂಡ. ಬಾಗಿಲಲ್ಲಿ ನಿಂತು, "ಪುಸ್ತಕದ ವಿಷಯ ಇನ್ನು ಖಂಡಿತಾ ಅಂತ ಹೇಳಲ್ಲ. ನೋಡೋಣ."

ಒಳಗಿನಿಂದ ಲೆಕ್ಕ ಮಾಡುವ ಪೆನ್ಸಿಲ್ ಸದ್ದು ನಿಂತಿತು. ಮತ್ತೆ ಶುರುವಾಯಿತು.

ಆಗಸ್ಟ್ 4

ಸಂಚಿಕೆ ಬಂತು. ಪುಸ್ತಕದ ಸುದ್ದಿ ಇಲ್ಲ. ಒರಿಬೆ ಫೋನ್ ಎತ್ತುತ್ತಿಲ್ಲ.

ರಿತ್ಸು ಫ್ಯಾನ್ ಮುಂದೆ ಬೋರಲು ಮಲಗಿ ಓದಿದಳು. ನನ್ನ ಕಥೆಯನ್ನು ತಾನಾಗಿ ಓದಿದ್ದು ಇದೇ ಮೊದಲು. ಕೊನೆಯ ಪುಟದಲ್ಲಿ ಬಹಳ ಹೊತ್ತು ಇದ್ದಳು. ನಾನು ಮಾಡುವ ಕೆಲಸವಿಲ್ಲದೆ ಪೆನ್ಸಿಲ್ ಕೆತ್ತಿದೆ, ಕೆತ್ತಿದ್ದನ್ನೇ ಮತ್ತೆ ಕೆತ್ತಿದೆ. ಪತ್ರಿಕೆ ಮಡಚಿ ಎದ್ದು ಹೋಗಿ ಬಟ್ಟಲು ಜೋಡಿಸಿದಳು.

ಊಟಕ್ಕೆ ತಣ್ಣನೆಯ ಸೋಮೆನ್ ಶಾವಿಗೆ. ಸೀಯಿಸಲು ಬರದ ಅಡಿಗೆ. ಆದರೂ ಬಾಯಿ ಬಿಟ್ಟಳು! ಒಂದಲ್ಲ, ಎರಡು ಮಾತು. ಒಂದು ನನ್ನ ಬಗ್ಗೆ. ನಕ್ಕು ನಕ್ಕು ಶಾವಿಗೆ ನೆತ್ತಿಗೇರಿತು, ಅವಳೇ ಬೆನ್ನಿಗೆ ಗುದ್ದಿದಳು. ಇನ್ನೊಂದು ಅಮ್ಮನ ಬಗ್ಗೆ. ಅದಕ್ಕೆ ಇಬ್ಬರೂ ನಗಲಿಲ್ಲ, ಆದರೆ ಎದ್ದೂ ಹೋಗಲಿಲ್ಲ. ನನ್ನ ಜನ್ಮದಲ್ಲಿ ಅಂಥ ಮಾತು ಹೊಳೆಯುವುದಿಲ್ಲ. ಈಗ ಬರೆಯದಿದ್ದರೆ ಬೆಳಗ್ಗೆಗೆ ಮರೆತುಹೋಗುತ್ತದೆ. ಅವಳು ಅಂದದ್ದು —

ತಾಳು, ಕೇಳಿ ಬರುತ್ತೇನೆ.