ಅಗತ್ತಿಯಲ್ಲಿ ಒಂದು ಹಗಲು

ಅಕ್ಟೋಬರ್ 7, ಸೋಮವಾರ

ಹಡಪಸರದ ಆಫೀಸಿನಿಂದ ಇವತ್ತೂ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಕುಕ್ಕರ್ ಇಟ್ಟು ಫೋನ್ ನೋಡಿದರೆ ಟ್ರಾವೆಲ್ಸ್‌ನ ಸುಖೇಶ್ ಮೆಸೇಜು. ಹಡಗಿನ ಟಿಕೆಟ್ ಕನ್ಫರ್ಮ್. ಮುಂಬೈಯಿಂದ ಲಕ್ಷದ್ವೀಪ. ಅಗತ್ತಿ ದ್ವೀಪದಲ್ಲಿ ಒಂದು ಹಗಲು ಇಳಿಸುತ್ತಾರಂತೆ. ಇಳಿದ ಮೇಲೆ ಏನು ಮಾಡುತ್ತೀರಿ, ಒಂದನ್ನು ಆರಿಸಿ ಎಂದಿದ್ದಾನೆ. ಗಾಜಿನ ತಳದ ದೋಣಿ, ನೀರಿನಲ್ಲಿ ಮುಖವಿಟ್ಟು ತೇಲುವ ಸ್ನಾರ್ಕೆಲಿಂಗ್, ಹುಟ್ಟು ಹಾಕುವ ಕಯಾಕ್, ಇಲ್ಲವೇ ಊರು ಸುತ್ತುವುದು.

ಇವರಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಪೂರಾ ಓದಿದರು.

"ನಿಮಗ ಯಾವುದು ಚಲೋ ಅನಸ್ತದ, ಅದನ್ನ ಮಾಡ್ರಿ."

ಕಿಟಕಿಯ ಪರದೆಗೆ ಯಾವ ಬಣ್ಣ ಎಂದು ಕೇಳಿದಾಗಲೂ ಇದೇ ಉತ್ತರ. ಮದುವೆಯಾಗಿ ಮೂರು ತಿಂಗಳು. ನನಗೆ ಐವತ್ತೊಂದು, ಅವರಿಗೆ ಐವತ್ತೆಂಟು. ರಿಜಿಸ್ಟರ್ ಆಫೀಸಿನಲ್ಲಿ ಸಹಿ, ಎರಡು ಹಾರ, ಕೋಥರೂಡಿನ ಹೋಟೆಲಿನಲ್ಲಿ ಊಟ. ನನ್ನ ಮೊದಲಿನವರು ತೀರಿ ಬಹಳ ವರ್ಷ. ಇವರ ಪ್ರೇಮಾವತಿ ತೀರಿಕೊಂಡು ನಾಲ್ಕು. ಒಂದೇ ಮನೆಯಲ್ಲಿ ಇಬ್ಬರು ಬೀಗರು ಇದ್ದ ಹಾಗೆ ಇದ್ದೇವೆ. ಚನ್ನವೀರ... ಬಾಯಿಬಿಟ್ಟು ಹೆಸರು ಕರೆಯಲಾರೆ, ಇಲ್ಲಿ ಬರೆಯಬಹುದು.

ಅಕ್ಟೋಬರ್ 9

ಆಫೀಸಿನಲ್ಲಿ ಎಕ್ಸೆಲ್ ಶೀಟಿನ ಹಿಂದೆ ಅಗತ್ತಿಯ ಫೋಟೋಗಳನ್ನು ತೆರೆದಿಟ್ಟಿದ್ದೆ. ನೀರು ಎಷ್ಟು ನೀಲಿ! ಅದರ ಮೇಲೆ ಬೋರಲಾಗಿ ತೇಲುತ್ತಿರುವ ಒಬ್ಬ ಹೆಂಗಸು. ಕೆಳಗೆ ಅವಳದೇ ನೆರಳು. ಆಕಾಶದಲ್ಲಿ ಮಲಗಿ ಭೂಮಿಯನ್ನು ನೋಡುತ್ತಿದ್ದಾಳೆ ಅನ್ನಿಸಿತು. ಊಟದ ಬಿಡುವು ಮುಗಿದದ್ದೇ ತಿಳಿಯಲಿಲ್ಲ.

ಈಜು ಬರುವುದಿಲ್ಲವಲ್ಲ ಎಂದು ಸುಖೇಶನಿಗೆ ಫೋನ್ ಮಾಡಿದೆ. "ಕಾಹೀ ಹೋತ್ ನಾಹೀ ಮ್ಯಾಡಮ್", ಏನೂ ಆಗುವುದಿಲ್ಲ ಎಂದು ನಕ್ಕ. ಜಾಕೆಟ್ ಇರುತ್ತದೆ, ಆಳವಿಲ್ಲ, ಜೊತೆಗೆ ಗೈಡ್.

ಆದರೆ... ಈ ವಯಸ್ಸಿನಲ್ಲಿ, ಒದ್ದೆ ಬಟ್ಟೆಯಲ್ಲಿ, ಇವರ ಮುಂದೆ? ಗಾಜಿನ ದೋಣಿ ಎಂದುಬಿಟ್ಟೆ. ಸೀರೆಯಲ್ಲೇ ಕೂರಬಹುದು.

ಅಕ್ಟೋಬರ್ 10

ನಿನ್ನೆ ರಾತ್ರಿ ಊಟದ ಹೊತ್ತಿಗೆ ದೋಣಿಯ ವಿಷಯ ಹೇಳಿದೆ. "ಹೂಂ" ಎಂದರು. ಅರ್ಧ ರೊಟ್ಟಿ ಬಿಟ್ಟು ಎದ್ದರು. ಬೆಳಿಗ್ಗೆ ನಾನು ಏಳುವ ಮೊದಲೇ ಭೋಸರಿಯ ವರ್ಕ್‌ಶಾಪಿಗೆ ಹೋಗಿಬಿಟ್ಟಿದ್ದರು. ಏನು ತಪ್ಪು ಮಾಡಿದೆ ನಾನು?

ಅಕ್ಟೋಬರ್ 19

ಇವತ್ತು ತಾವಾಗಿಯೇ ಬಾಯಿಬಿಟ್ಟರು. ಚಹಾದ ಕಪ್ಪು ಕೆಳಗಿಟ್ಟು—

"ಅನುಸೂಯಾ, ಆ ದೋಣಿ ಒಂದು ಬ್ಯಾಡ್ರಿ."

ಇವರ ಬಾಯಿಂದ ಮೊದಲ 'ಬ್ಯಾಡ'. ಒಳಗೇ ಖುಷಿಯಾಯಿತು. ಯಾಕೆಂದು ಕೇಳಿದೆ.

"ಪ್ರೇಮಾ ಅದನ್ನ ಆರಿಸಿದ್ಳು. ಅಂಡಮಾನಕ್ಕ ಹೊಂಟಿದ್ವಿ. ಬ್ಯಾಗ್ ಸುದ್ದಾ ತುಂಬಿತ್ತು... ಆಮ್ಯಾಲ ದವಾಖಾನಿನ ಆತು." ಕನ್ನಡಕ ತೆಗೆದಿಟ್ಟರು. "ಆ ಗಾಜಿನ್ಯಾಗ ನೋಡಿದ್ರ ನನಗ ಮೀನ ಕಾಣಂಗಿಲ್ರಿ. ಆಕೀನ ಕಾಣ್ತಾಳ."

ಖುಷಿಯೆಲ್ಲ ಇಳಿದುಹೋಯಿತು. ಹಾಗಾದರೆ ಇದು ಆಕೆಯ ಪ್ರಯಾಣ. ಆಕೆಯ ಸೀಟಿನಲ್ಲಿ ನಾನು.

"ಹಂಗಿದ್ರ ಕ್ಯಾನ್ಸಲ್ ಮಾಡಸ್ರಿ" ಎಂದೆ. ದನಿ ಗಟ್ಟಿಯಾಯಿತೇನೋ. ಅವರು ಕಪ್ಪು ಎತ್ತಿಕೊಂಡು ಅಡುಗೆಮನೆಗೆ ಹೋದರು.

ಅಕ್ಟೋಬರ್ 27, ಭಾನುವಾರ

ಇಡೀ ವಾರ ಊಟಕ್ಕೆ ಬರ್ರಿ, ಬರ್ತೀನ್ರಿ... ಅಷ್ಟೇ ಮಾತು. ಬೆಳಿಗ್ಗೆ ಮೆಂತ್ಯ ಸೋಸುತ್ತಿದ್ದೆ. ಎದುರಿಗೆ ಬಂದು ಕೂತರು. ತಾವೂ ಒಂದು ಹಿಡಿ ತೆಗೆದುಕೊಂಡು ಸೋಸತೊಡಗಿದರು.

"ಟಿಕೇಟ್ ಕ್ಯಾನ್ಸಲ್ ಮಾಡಿಲ್ರಿ. ಹಡಗಿನ ಮಾತು ನಾನ ತಗದಿದ್ದು, ಆಕಿ ಸಲವಾಗಿ ಅಲ್ಲ. ಮೊದಲ ಸಲ ನಿಮ್ಮ ಮನಿಗೆ ಬಂದಾಗ ನೀವು ಹೇಳಿದ್ರಿ, ಸಮುದ್ರಾ ದಂಡಿ ಮ್ಯಾಲೆ ನಿಂತಷ್ಟ ನೋಡೀನಿ ಅಂತ. ನನಗ ಅದ ತಲಿಯಾಗ ಕುಂತಿತ್ತು."

ನಾನು ಅಂದದ್ದು ನನಗೇ ನೆನಪಿಲ್ಲ.

"ಖರೇ ಹೇಳ್ರಿ, ಆ ದೋಣಿ ನಿಮಗ ಬೇಕಾಗಿತ್ತೇನು?"

"ಇಲ್ರಿ" ಎಂದೆ. ತಲೆ ಎತ್ತಲಿಲ್ಲ. "ನನಗ ನೀರಾಗ ಮಾರಿ ಇಟ್ಟು ನೋಡಬೇಕಾಗೇದ."

"ನನಗ ಈಜು ಬರಂಗಿಲ್ಲಲ್ರಿ!"

"ನನಗರ ಎಲ್ಲಿ ಬರ್ತದ!"

ನಕ್ಕರು. ಭುಜ ಕುಣಿಸಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಇವರು ಹೀಗೆ ನಗುತ್ತಾರೆಂದು ಗೊತ್ತೇ ಇರಲಿಲ್ಲ. ಸುಖೇಶನಿಗೆ ಅವರೇ ಫೋನ್ ಮಾಡಿದರು. ಸ್ನಾರ್ಕೆಲಿಂಗ್, ಇಬ್ಬರಿಗೆ.

ನವೆಂಬರ್ 14, ಹಡಗಿನಲ್ಲಿ

ಸುತ್ತ ನೀರು. ಇಡೀ ದಿನ ಬೇರೇನೂ ಇಲ್ಲ. ನಾವು ಬಿಟ್ಟುಬಂದ ಪುಣೆ ಎಂಬ ಊರು ಇದೆಯೇ? ರೇಲಿಂಗ್ ಹಿಡಿದು ನಿಂತೆವು.

ನವೆಂಬರ್ 15, ಸಂಜೆ

ಹೇಗೆ ಬರೆಯಲಿ...

ಹಡಗು ದೂರದಲ್ಲೇ ನಿಂತಿತು. ಸಣ್ಣ ದೋಣಿಗಳಲ್ಲಿ ದ್ವೀಪಕ್ಕೆ ಕರೆದೊಯ್ದರು. ಬಿಳಿ ಮರಳು, ತೆಂಗು, ಬೆಚ್ಚಗಿನ ನೀರು. ಜಾಕೆಟ್ ಇವರ ಕಿವಿಯ ತನಕ ಏರಿತ್ತು. ನನ್ನ ಅವತಾರವೂ ಅಷ್ಟೇ ಇರಬೇಕು. ನಾಚಿಕೆಗೆ ಪುರುಸೊತ್ತೇ ಸಿಗಲಿಲ್ಲ.

ಕಣ್ಣು ಮೂಗಿಗೆ ಮುಖವಾಡ, ಬಾಯಿಗೆ ಕೊಳವೆ ಹಾಕಿಕೊಂಡು ನೀರಿನಲ್ಲಿ ಮುಖ ಇಟ್ಟೆ. ಭಯ — ಮೂಗಿಲ್ಲದೆ ಉಸಿರಾಡುವುದು! ಎದ್ದುಬಿಟ್ಟೆ. ಮತ್ತೆ ಇಟ್ಟೆ. ಆಮೇಲೆ ಲೋಕದ ಸದ್ದೆಲ್ಲ ನಿಂತುಹೋಯಿತು. ನನ್ನ ಉಸಿರು ಮಾತ್ರ. ಹಳದಿ ಮೀನುಗಳು ಮುಖದ ಹತ್ತಿರವೇ ಬಂದು ನೋಡಿ ಹೋದವು. ಹವಳದ ಮೇಲೆ ಬಿಸಿಲು ಬಲೆಯ ಹಾಗೆ ಅಲ್ಲಾಡುತ್ತಿತ್ತು. ನಾನು ತೂಕವಿಲ್ಲದವಳು. ಪಕ್ಕದಿಂದ ಒಂದು ಕೈ ಬಂದು ನನ್ನ ಬೆರಳು ಹಿಡಿಯಿತು. ಬಿಡಲಿಲ್ಲ. ಇಬ್ಬರೂ ಹಾಗೇ ತೇಲಿದೆವು.

ಮರಳಿನ ಮೇಲೆ ಎಳನೀರು ಕುಡಿಯುವಾಗ ಅಂದರು: "ಪ್ರೇಮಾಗ ಇದು ಭಾಳ ಸೇರ್ತಿತ್ತು." ಆಮೇಲೆ ಗಾಬರಿಯಿಂದ ನನ್ನ ಮುಖ ನೋಡಿದರು.

"ಹೇಳ್ರಿ, ಹೆಂಗಿದ್ರು ಅವರು?" ಎಂದೆ. ನಿಜಕ್ಕೂ ಕೇಳಬೇಕಿತ್ತು ನನಗೆ.

ಹೇಳಿದರು. ಜೋರು ಬಾಯಂತೆ, ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದರಂತೆ. ನಾನೂ ನನ್ನವರ ಬಗ್ಗೆ ಹೇಳಿದೆ, ಎಷ್ಟೋ ವರ್ಷದ ಮೇಲೆ. ದೋಣಿಯವನು ಕೂಗಿ ಕರೆಯುವ ತನಕ.

ನವೆಂಬರ್ 16

ತಿರುಗಿ ಮುಂಬೈಯತ್ತ. ಮೈಯೆಲ್ಲ ಇನ್ನೂ ತೇಲುತ್ತಲೇ ಇದೆ, ಕುರ್ಚಿಯಲ್ಲಿ ಕೂತರೂ. ಬೆನ್ನು ಸುಟ್ಟಿದೆ. ಇವರು ಡೆಕ್ಕಿನ ಮೇಲೆ ಗಾಳಿಗೆ ನಿಂತಿದ್ದಾರೆ. ಕಿಟಕಿಯಿಂದ ಬೆನ್ನು ಕಾಣುತ್ತಿದೆ. ನನಗೆ ಅನಿಸುತ್ತದೆ ಈ—

ಕೂಗುತ್ತಿದ್ದಾರೆ. "ಅನೂ, ಲಗೂ ಬಾ! ಮೀನ ಹಾರಾಕತ್ತಾವು!"

ಬಾ ಅಂದರು. ಬರ್ರಿ ಅಲ್ಲ, ಬಾ—